ಮಾಡು ಬಿದ್ದರೂ ಬಿಡದ ನೆಲ

ಕಿಲ್‌ಮಾಲ್ಕೆಡಾರ್ ಚರ್ಚಿಗೆ ಮಾಡು ಇಲ್ಲ. ಗೋಡೆಗಳು ಗಟ್ಟಿಯಾಗಿ ನಿಂತಿವೆ. ಬಾಗಿಲ ಕಮಾನು ನಿಂತಿದೆ. ಒಳಗೋಡೆಗೆ ಅಂಟಿಕೊಂಡ ಕಂಬಗಳೂ ನಿಂತಿವೆ. ತಲೆ ಎತ್ತಿದರೆ ಮಾತ್ರ ಆಕಾಶ. ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆ ನೇರವಾಗಿ ಒಳಗೇ ಸುರಿಯುತ್ತದೆ. ಪ್ರವಾಸಿಗಳ ಪಾಲಿಗೆ ಇದೊಂದು ಪಾಳು ಚರ್ಚು. ಕಟ್ಟಡದ ಮಟ್ಟಿಗೆ ಆ ಮಾತು ಸರಿ. ಸುತ್ತಲಿನ ನೆಲಕ್ಕೆ ಮಾತ್ರ ಅದು ಹೊಂದುವುದಿಲ್ಲ. ಅಲ್ಲಿ ಹಳೆಯ ಕಲ್ಲುಗಳ ನಡುವೆಯೇ ಹೊಳೆಯುವ ಕಪ್ಪು ಗ್ರಾನೈಟಿನ ಹೊಸ ಸಮಾಧಿಗಳಿವೆ. ಅವುಗಳ ಮೇಲೆ ಹೂವಿದೆ. ಹುಲ್ಲು ಕತ್ತರಿಸಿದ್ದಾರೆ. ಯಾರೋ ಬಂದು ಹೋಗುತ್ತಿದ್ದಾರೆ.

ಊರು ಇರುವುದು ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಕೆರ್ರಿ ಕೌಂಟಿಯಲ್ಲಿ. ಡಿಂಗಲ್ ಎಂಬ ಪೇಟೆಯಿಂದ ಬೆಟ್ಟದ ಸಣ್ಣ ರಸ್ತೆ ಹಿಡಿದು ಕೆಲವೇ ಕಿಲೋಮೀಟರ್ ಹೋದರೆ ಸಾಕು. ಇಳಿಜಾರಿನಲ್ಲಿ ಚರ್ಚು, ಕೆಳಗೆ ಸ್ಮೆರಿಕ್ ಬಂದರಿನ ನೀಲಿ ನೀರು, ಬೆನ್ನಿಗೆ 952 ಮೀಟರ್ ಎತ್ತರದ ಬ್ರ್ಯಾಂಡನ್ ಬೆಟ್ಟ. ಇದು ಗೇಲ್ಟಖ್ತ್ ಪ್ರದೇಶ. ಅಂದರೆ ಐರಿಷ್ ಭಾಷೆ ಇನ್ನೂ ಮನೆಮಾತಾಗಿ ಉಳಿದಿರುವ ಜಾಗ. ಅಂಗಡಿಯಲ್ಲಿ, ಶಾಲೆಯ ಅಂಗಳದಲ್ಲಿ ಅದೇ ಮಾತು ಕೇಳಿಸುತ್ತದೆ. ಸಮಾಧಿ ಕಲ್ಲುಗಳ ಮೇಲಿನ ಬರಹವೂ ಹೆಚ್ಚಾಗಿ ಅದೇ ಭಾಷೆಯಲ್ಲಿದೆ.

ನಾನು ಕಾರ್ಕ್ ನಗರದಲ್ಲಿ ಇರುವವಳು. ರಜೆ ಸಿಕ್ಕಾಗಲೆಲ್ಲ ಈ ಕಡೆಗೆ ಕಾರು ತಿರುಗಿಸುತ್ತೇನೆ. ನಮ್ಮ ಕನ್ನಡದವರು ಡಿಂಗಲ್‌ಗೆ ಬಂದರೆ ಸಮುದ್ರ ನೋಡುತ್ತಾರೆ, ಗ್ಯಾಲರಸ್‌ನ ಕಲ್ಲಿನ ಗುಡಿ ನೋಡುತ್ತಾರೆ, ಐಸ್‌ಕ್ರೀಮ್ ತಿಂದು ವಾಪಸಾಗುತ್ತಾರೆ. ಗ್ಯಾಲರಸ್‌ನಿಂದ ಇಲ್ಲಿಗೆ ಕಾರಿನಲ್ಲಿ ಐದು ನಿಮಿಷವೂ ಬೇಡ. ಆದರೂ ಇಲ್ಲಿ ಜನ ಕಡಿಮೆ. ಅದಕ್ಕೇ ಈ ಜಾಗದ ಬಗ್ಗೆ ಬರೆಯಬೇಕು ಅನ್ನಿಸಿತು.

ಗೇಟು ದಾಟಿ ಒಳಗೆ ಬಂದರೆ ಚರ್ಚಿಗಿಂತ ಮೊದಲು ಕಣ್ಣು ಸೆಳೆಯುವುದು ಒಂದು ತೆಳ್ಳನೆಯ, ಎತ್ತರದ ಕಲ್ಲು. ತುದಿಯ ಹತ್ತಿರ ಆರಪಾರ ಕೊರೆದ ಒಂದು ದುಂಡು ತೂತು. ಕಲ್ಲಿನ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಗೀಟುಗಳು. ಇದು ಓಗಮ್ ಲಿಪಿ. ಐರಿಷ್ ಭಾಷೆಯ ಅತಿ ಹಳೆಯ ಬರಹ ಸಿಗುವುದು ಈ ಲಿಪಿಯಲ್ಲೇ. ಮೊದಲಿಗೆ 20 ಅಕ್ಷರ, ಐದೈದರಂತೆ ನಾಲ್ಕು ಗುಂಪು. ಕಲ್ಲಿನ ಅಂಚೇ ಬರೆಯುವ ಗೆರೆ. ಅಂಚಿನ ಒಂದು ಬದಿಗೆ ಒಂದರಿಂದ ಐದು ಗೀಟು ಎಳೆದರೆ ಒಂದು ಗುಂಪು, ಇನ್ನೊಂದು ಬದಿಗೆ ಎಳೆದರೆ ಮತ್ತೊಂದು, ಅಂಚನ್ನು ಓರೆಯಾಗಿ ದಾಟಿದರೆ ಮೂರನೆಯದು. ಸ್ವರಗಳಿಗೆ ಅಂಚಿನ ಮೇಲೇ ಪುಟ್ಟ ಕಚ್ಚು. ಓದುವುದು ಕೆಳಗಿನಿಂದ ಮೇಲಕ್ಕೆ, ಗಿಡ ಬೆಳೆದ ಹಾಗೆ. ಇಂಥ ಕಲ್ಲುಗಳು ಈವರೆಗೆ ಸುಮಾರು 400 ಸಿಕ್ಕಿವೆ. ಬೇರೆಲ್ಲ ಕಡೆಗಿಂತ ಕೆರ್ರಿಯಲ್ಲೇ ಜಾಸ್ತಿ. ಇಲ್ಲಿನ ಕಲ್ಲಿನಲ್ಲಿರುವುದು ಒಬ್ಬನ ಹೆಸರು: ಬ್ರೋಕಾನನ ಮಗ ಮೇಲ್ ಇನ್ವಿರ್. ಅಷ್ಟೇ. ಏನು ಮಾಡಿದ, ಹೇಗೆ ಸತ್ತ ಎಂಬುದೇನೂ ಇಲ್ಲ.

ಆಮೇಲಿನ ಜನ ಆ ಲಿಪಿ ಮರೆತರು. ಕಲ್ಲನ್ನು ಮರೆಯಲಿಲ್ಲ. ಆ ತೂತಿನಲ್ಲಿ ಇಬ್ಬರು ಎರಡು ಕಡೆಯಿಂದ ಬೆರಳು ಹಾಕಿ ಮುಟ್ಟಿಕೊಂಡರೆ ಕೊಟ್ಟ ಮಾತು ಕಟ್ಟು ಬೀಳುತ್ತದೆ ಎಂಬ ನಂಬಿಕೆ ಊರಿನಲ್ಲಿದೆ. ವ್ಯಾಪಾರದ ಮಾತು, ಮದುವೆಯ ಮಾತು, ಎರಡಕ್ಕೂ ಇದೇ ಸಾಕ್ಷಿ. ಬೇಸಿಗೆಯಲ್ಲಿ ಬರುವ ಜೋಡಿಗಳು ಈಗಲೂ ಬೆರಳು ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ತೂತಿನ ಒಳಮೈ ಎಷ್ಟು ನುಣುಪಾಗಿದೆ ಅಂದರೆ, ಅಲ್ಲಿ ಬೆರಳಿಟ್ಟಾಗ ನನಗೆ ಪುಸ್ತಕದಲ್ಲಿ ಓದಿದ ಇತಿಹಾಸಕ್ಕಿಂತ ಹೆಚ್ಚಿನದೇನೋ ತಾಗಿತು.

ಒಳಗಡೆ ಇನ್ನೊಂದು ಗಿಡ್ಡ ಕಲ್ಲಿದೆ. ಅದರ ಮೇಲೆ ಲ್ಯಾಟಿನ್ ವರ್ಣಮಾಲೆಯನ್ನು ಸಾಲಾಗಿ ಕೆತ್ತಿದ್ದಾರೆ. ಸುಮಾರು ಆರನೆಯ ಶತಮಾನದ್ದು ಎನ್ನುತ್ತಾರೆ ವಿದ್ವಾಂಸರು. ಆಗ ಇಲ್ಲಿದ್ದ ಕ್ರೈಸ್ತ ಮಠದಲ್ಲಿ ಓದು ಕಲಿಯುವವರಿಗಾಗಿ ಕೆತ್ತಿದ್ದು ಎಂಬ ಊಹೆ ಇದೆ. ಯೋಚಿಸಿ, ಸಮುದ್ರದಂಚಿನ ಈ ಗಾಳಿಯಲ್ಲಿ ಯಾರೋ ಒಬ್ಬ ಹುಡುಗ ಈ ಕಲ್ಲಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿರಬಹುದು. ಹೊರಗೆ ಒಂದು ಕಲ್ಲಿನ ನೆರಳುಗಡಿಯಾರವೂ ಇದೆ. ಅರ್ಧಚಂದ್ರದಂಥ ಮುಖ, ನಡುವೆ ಕಡ್ಡಿ ಸಿಗಿಸಲು ತೂತು. ಅದು ಗಂಟೆ ನಿಮಿಷ ಹೇಳುವ ಗಡಿಯಾರ ಅಲ್ಲ. ಸನ್ಯಾಸಿಗಳು ಯಾವಾಗ ಪ್ರಾರ್ಥನೆಗೆ ಕೂಡಬೇಕು ಎಂದು ತಿಳಿಸುವುದಷ್ಟೇ ಅದರ ಕೆಲಸ. ಇಷ್ಟು ಮೋಡ ಕವಿಯುವ ಊರಿನಲ್ಲಿ ನೆರಳನ್ನು ನಂಬಿ ದಿನ ಕಳೆದ ಆ ಜನರ ಮೇಲೆ ನನಗೆ ತುಂಬ ಪ್ರೀತಿ.

ಮಠ ಕಟ್ಟಿದವನು ಸಂತ ಮೇಲ್‌ಕೆದರ್ ಎಂದು ಹೇಳುತ್ತಾರೆ. ಅಲ್‌ಸ್ಟರ್‌ನ ರಾಜಮನೆತನದವನು, 636ರಲ್ಲಿ ತೀರಿಕೊಂಡ. ಊರಿನ ಹೆಸರೂ ಅವನದೇ. ಆದರೆ ಜನರ ಬಾಯಲ್ಲಿ ಜಾಸ್ತಿ ಇರುವವನು ಬ್ರೆಂಡನ್, ಚರ್ಮದ ದೋಣಿಯಲ್ಲಿ ಪಶ್ಚಿಮದ ಕಡಲಿಗೆ ಹೋದನೆಂದು ಕತೆಯಿರುವ ಸಂತ. ಅವನ ಬೆಟ್ಟಕ್ಕೆ ಹೋಗುವ ಯಾತ್ರೆಯ ದಾರಿ ಈ ಚರ್ಚಿನ ಪಕ್ಕದಲ್ಲೇ ಹಾಯುತ್ತದೆ. ವೆಂಟ್ರಿ ಕಡಲತೀರದಿಂದ ಬ್ರ್ಯಾಂಡನ್ ಬೆಟ್ಟದ ಬುಡದವರೆಗೆ ಸುಮಾರು 18 ಕಿಲೋಮೀಟರ್. ಕುಸಾನ್ ನ ನೇವ್, ಸಂತರ ಹಾದಿ.

ಈಗ ಕಾಣುವ ಚರ್ಚು ಅವರ ಕಾಲದ್ದಲ್ಲ. ಅದು 12ನೆಯ ಶತಮಾನದ ನಡುಭಾಗದ್ದು. ಟಿಪ್ಪರರಿಯ ಕ್ಯಾಷೆಲ್ ಬಂಡೆಯ ಮೇಲೆ ದೊರೆ ಕಾರ್ಮಕ್ ಕಟ್ಟಿಸಿದ ಚಾಪೆಲ್ 1134ರಲ್ಲಿ ಪ್ರತಿಷ್ಠೆಯಾಯಿತು. ಆ ಕಾಲಕ್ಕೆ ಅದು ಇಡೀ ಮನ್‌ಸ್ಟರ್ ಸೀಮೆ ಬೆರಗಾಗಿ ನೋಡಿದ ಕಟ್ಟಡ. ಅದನ್ನು ಕಂಡು ಬಂದವರು ಈ ಮೂಲೆಯಲ್ಲಿ ತಮ್ಮ ಅಳತೆಗೆ ತಕ್ಕಂತೆ ಒಂದನ್ನು ಕಟ್ಟಿದರು. ಒಳಗೋಡೆಯ ಮೇಲಿನ ಕಂಬಗಳ ಸಾಲು ಅಲ್ಲಿಂದಲೇ ಬಂದಿದ್ದು. ಬಾಗಿಲ ಮೇಲೆ ಅರ್ಧಚಂದ್ರದ ಕಲ್ಲು, ಅದರ ಒಂದು ಬದಿಗೆ ಮನುಷ್ಯನ ತಲೆ, ಇನ್ನೊಂದು ಬದಿಗೆ ಯಾವುದೋ ಕಲ್ಪನೆಯ ಪ್ರಾಣಿ. ಒಳಗಿನ ಕಮಾನಿನಲ್ಲಿ ಹಲ್ಲುಹಲ್ಲಾದ ಕೆತ್ತನೆ. ಹೊರಗೋಡೆಗಳು ಮೂಲೆಯಲ್ಲಿ ಸ್ವಲ್ಪ ಮುಂದೆ ಚಾಚಿಕೊಂಡಿವೆ. ಹಿಂದಿನ ಮರದ ಚರ್ಚುಗಳ ಮೂಲೆಗಂಬದ ನೆನಪು ಅದು. ಕಲ್ಲಿನಲ್ಲಿ ಅದರ ಅಗತ್ಯವೇ ಇರಲಿಲ್ಲ, ಆದರೂ ಬಿಡಲಿಲ್ಲ.

ಮಾಡಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದು ಕಲ್ಲಿನ ಮಾಡು. ಎರಡೂ ಗೋಡೆಗಳ ಮೇಲೆ ಕಲ್ಲಿನ ಸಾಲುಗಳನ್ನು ಒಂದಕ್ಕಿಂತ ಒಂದು ಸ್ವಲ್ಪ ಒಳಕ್ಕೆ ಚಾಚಿ ಜೋಡಿಸುತ್ತಾ ಹೋಗಿ ನೆತ್ತಿಯಲ್ಲಿ ಕೂಡಿಸುವ ವಿಧಾನ. ಗ್ಯಾಲರಸ್ ಕಟ್ಟಿದ್ದೂ ಹೀಗೇ. ಕೆಳಗೆ ದುಂಡಗಿದ್ದರೆ ಈ ವಿಧಾನ ಗಟ್ಟಿ, ಏಕೆಂದರೆ ಕಲ್ಲುಗಳು ಎಲ್ಲ ಕಡೆಯಿಂದ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಉದ್ದನೆಯ ಕೋಣೆಗೆ ಹಾಕಿದರೆ ಉದ್ದದ ಬದಿಗಳ ನಡುಭಾಗ ಒಳಕ್ಕೆ ಜಗ್ಗುತ್ತದೆ. ಗ್ಯಾಲರಸ್‌ನ ಬೆನ್ನಿನಲ್ಲೂ ಆ ಜಗ್ಗು ಕಾಣುತ್ತದೆ. ಕ್ಯಾಷೆಲ್‌ನಲ್ಲಿ ಮಾಡಿನ ಕೆಳಗೆ ಇನ್ನೊಂದು ಕಮಾನು ಕಟ್ಟಿ ಅದಕ್ಕೆ ಆಸರೆ ಕೊಟ್ಟರು, ಅದು ಇನ್ನೂ ನಿಂತಿದೆ. ಕಿಲ್‌ಮಾಲ್ಕೆಡಾರ್‌ನಲ್ಲಿ ಗೋಡೆಯ ಮೇಲೆ ಮಾಡಿನ ಬುಡದ ಸಾಲುಗಳು ಮಾತ್ರ ಉಳಿದಿವೆ. ಅವು ಒಳಕ್ಕೆ ಬಾಗಲು ಶುರುಮಾಡಿ ಅಲ್ಲಿಗೇ ನಿಂತಿವೆ. ನಿಂತು ನೋಡಿದರೆ ಇಲ್ಲದ ಮಾಡಿನ ಪೂರ್ತಿ ಆಕಾರ ಮನಸ್ಸಿನಲ್ಲೇ ಎಳೆದುಕೊಳ್ಳಬಹುದು.

ಪೂರ್ವದ ಗೋಡೆಯಲ್ಲಿ ಒಂದು ಕಿರಿದಾದ ಕಿಟಕಿ ಇದೆ. ಊರವರು ಅದನ್ನು ಕ್ರೋ ನ ಸ್ನಾಹಿದೆ ಎನ್ನುತ್ತಾರೆ, ಸೂಜಿಯ ಕಣ್ಣು. ಯಾತ್ರಿಕರು ಚರ್ಚಿಗೆ ಸುತ್ತು ಬಂದು ಈ ಕಿಟಕಿಯಲ್ಲಿ ನುಸುಳಿ ಆಚೆ ಹೋದರೆ ಸದ್ಗತಿ ಸಿಗುತ್ತದೆ ಎಂಬ ನಂಬಿಕೆ ಇತ್ತು. ದಪ್ಪ ಕೋಟು ಹಾಕಿಕೊಂಡವರಿಗೆ ಇದು ಸುಲಭವಲ್ಲ ಬಿಡಿ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಚರ್ಚಿನಲ್ಲಿ ಪಾದ್ರಿ ಇಲ್ಲ, ಪೂಜೆ ಇಲ್ಲ, ಮಾಡೂ ಇಲ್ಲ. ಆದರೂ ಜನ ತಮ್ಮದೇ ಒಂದು ಬಳಕೆಯನ್ನು ಇಲ್ಲಿ ಹುಟ್ಟಿಸಿಕೊಂಡು ಬರುತ್ತಲೇ ಇದ್ದರು.

ಅವರು ಯಾಕೆ ಹಾಗೆ ಬರುತ್ತಿದ್ದರು ಅನ್ನುವುದಕ್ಕೆ ಈ ದೇಶದ ಕಷ್ಟದ ಕತೆ ತಿಳಿಯಬೇಕು.

16ನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ರೋಮ್‌ನ ಪೋಪರ ಚರ್ಚಿನಿಂದ ಬೇರೆಯಾದ. ಅವನ ಕೈಕೆಳಗಿದ್ದ ಐರ್ಲೆಂಡಿನಲ್ಲೂ ಚರ್ಚು ಬದಲಾಗಬೇಕು ಎಂದಾಯಿತು. ಊರೂರಿನ ಹಳೆಯ ಚರ್ಚು ಕಟ್ಟಡಗಳು, ಅವುಗಳ ಜಮೀನು, ಅವುಗಳ ಸುತ್ತಲಿನ ಸಮಾಧಿ ನೆಲ, ಎಲ್ಲವೂ ಕಾನೂನಿನ ಪ್ರಕಾರ ಪ್ರಾಟೆಸ್ಟೆಂಟ್ ಪಂಥದ ಚರ್ಚ್ ಆಫ್ ಐರ್ಲೆಂಡ್‌ನ ಕೈ ಸೇರಿದವು. ಜನ ಮಾತ್ರ ಬಹುಪಾಲು ಕ್ಯಾಥೊಲಿಕರಾಗಿಯೇ ಉಳಿದರು. ಅಂದರೆ ಕಟ್ಟಡ ಒಬ್ಬರದು, ಭಕ್ತರು ಇನ್ನೊಬ್ಬರು. ಹೊಸ ಯಜಮಾನರಿಗೆ ಹಳ್ಳಿಗಳಲ್ಲಿ ಭಕ್ತರೇ ಇಲ್ಲ. ಹಳೆಯ ಭಕ್ತರಿಗೆ ಒಳಗೆ ಪೂಜೆ ನಡೆಸುವ ಹಕ್ಕಿಲ್ಲ. ಹೀಗೆ ನಡುವೆ ಸಿಕ್ಕಿಕೊಂಡು ದೇಶದ ತುಂಬ ಎಷ್ಟೋ ಹಳ್ಳಿ ಚರ್ಚುಗಳ ಮಾಡು ಬಿತ್ತು. ಇವತ್ತು ಐರ್ಲೆಂಡಿನ ಯಾವ ಮೂಲೆಗೆ ಹೋದರೂ ಐವಿ ಬಳ್ಳಿ ಹಬ್ಬಿದ ಬೋಳು ಗೋಡೆಗಳು ಸಿಗುತ್ತವಲ್ವಾ, ಅವುಗಳಲ್ಲಿ ತುಂಬ ಗೋಡೆಗಳ ಹಿಂದೆ ಇರುವುದು ಇದೇ ಕತೆ.

ಕಿಲ್‌ಮಾಲ್ಕೆಡಾರ್ ಆ ಕಾಲದ ರಕ್ತವನ್ನೂ ಹತ್ತಿರದಿಂದ ಕಂಡಿದೆ. ಕೆಳಗೆ ಕಾಣುವ ಸ್ಮೆರಿಕ್ ಬಂದರಿನ ಆಚೆ ದಂಡೆಯಲ್ಲಿ ಡೂನ್ ಅನ್ ಓರ್ ಎಂಬ ಸಣ್ಣ ಕೋಟೆ ಇತ್ತು. ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್ ವಿರುದ್ಧ ಈ ಸೀಮೆಯ ಡೆಸ್ಮಂಡ್ ಮನೆತನದವರು ದಂಗೆ ಎದ್ದಾಗ ಪೋಪ್ ಕಳುಹಿಸಿದ ಇಟಲಿ, ಸ್ಪೇನಿನ ಸೈನಿಕರು ಅಲ್ಲಿ ಬಂದು ಇಳಿದಿದ್ದರು. 1580ರ ನವೆಂಬರಿನಲ್ಲಿ ಅವರು ಶರಣಾದರು. ರಾಣಿಯ ಪ್ರತಿನಿಧಿ ಲಾರ್ಡ್ ಗ್ರೇಯ ಸೈನ್ಯ ಶರಣಾದವರನ್ನು ಬಿಡಲಿಲ್ಲ, ಸುಮಾರು 600 ಜನರನ್ನು ಕೊಂದು ಹಾಕಿತು. ಚರ್ಚಿನ ಬಯಲಿನಲ್ಲಿ ನಿಂತು ಆ ನೀರಿನ ಕಡೆ ನೋಡುವಾಗ ನನಗೆ ಈ ಸಂಗತಿ ನೆನಪಾಗದೆ ಇರುವುದಿಲ್ಲ.

ಆಮೇಲೆ ಬಂದಿದ್ದು ಕ್ಯಾಥೊಲಿಕರ ಹಕ್ಕುಗಳನ್ನು ಕಸಿದ ದಂಡನೆ ಕಾನೂನುಗಳ ಕಾಲ. 1697ರ ಕಾಯ್ದೆಯೊಂದು ಕ್ಯಾಥೊಲಿಕ್ ಬಿಷಪ್ಪರನ್ನೂ ಮಠಗಳ ಸನ್ಯಾಸಿಗಳನ್ನೂ ದೇಶ ಬಿಟ್ಟು ಹೋಗುವಂತೆ ಮಾಡಿತು. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇತ್ತು. ಮುಚ್ಚಿಹೋದ ಮಠಗಳಲ್ಲಿ ಚರ್ಚ್ ಆಫ್ ಐರ್ಲೆಂಡ್‌ನ ಪೂಜೆ ನಡೆಯದಿದ್ದರೆ ಅಲ್ಲಿ ಯಾರೂ ಹೆಣ ಹೂಳಬಾರದು, ಹೂಳಿದರೆ ದಂಡ. ಸತ್ತವರು ಎಲ್ಲಿ ಮಲಗಬೇಕು ಎನ್ನುವುದಕ್ಕೂ ಸರ್ಕಾರ ಕೈ ಹಾಕಿತು. ಜನ ಕೇಳಲಿಲ್ಲ. ಅಜ್ಜ ಮಲಗಿದ ಕಡೆಯೇ ಅಪ್ಪ, ಅಪ್ಪ ಮಲಗಿದ ಕಡೆಯೇ ಮಗ. ಪಾಳು ಮಠಗಳಲ್ಲಿ ಹೂಳುವುದು ನಿಲ್ಲಲೇ ಇಲ್ಲ. ನೆಲದ ಕಾಗದ ಯಾರ ಹೆಸರಿನಲ್ಲಿ ಇದೆ ಎಂಬುದು ಅವರಿಗೆ ಲೆಕ್ಕಕ್ಕೇ ಬರಲಿಲ್ಲ.

ಹಳ್ಳಿಯ ಚರ್ಚಿನ ಬಯಲುಗಳಲ್ಲಿ ತೊಡಕು ಬೇರೆ ರೀತಿಯದು. ಅಲ್ಲಿ ಹೂಳಬಹುದಿತ್ತು. ಆದರೆ ಕ್ಯಾಥೊಲಿಕ್ ಪಾದ್ರಿ ಬಂದು ಸಮಾಧಿಯ ಮುಂದೆ ನಿಂತು ಪ್ರಾರ್ಥನೆ ಹೇಳುವ ಹಾಗಿರಲಿಲ್ಲ. ಅದಕ್ಕೆ ಜನ ಒಂದು ದಾರಿ ಕಂಡುಕೊಂಡರು. ಪಾದ್ರಿ ಸತ್ತವರ ಮನೆಗೇ ಬಂದು ಒಂದು ಹಿಡಿ ಮಣ್ಣನ್ನು ಮಂತ್ರಿಸಿ ಕೊಡುತ್ತಿದ್ದ. ಆ ಮಣ್ಣನ್ನು ಶವಪೆಟ್ಟಿಗೆಯೊಳಗೆ ಹಾಕುತ್ತಿದ್ದರು. ಸಮಾಧಿಯ ಹತ್ತಿರ ಹೇಳಬೇಕಾಗಿದ್ದ ಮಾತು ಮನೆಯಲ್ಲೇ ಮುಗಿದಿರುತ್ತಿತ್ತು. ಬಯಲಿಗೆ ಬರುವಾಗ ಪವಿತ್ರವಾದ ಮಣ್ಣು ಸತ್ತವರ ಜೊತೆಯಲ್ಲೇ ಬರುತ್ತಿತ್ತು. ಈ ಸಂಗತಿ ಮೊದಲು ತಿಳಿದಾಗ ನಾನು ತುಂಬ ಹೊತ್ತು ಅದನ್ನೇ ಯೋಚಿಸುತ್ತಿದ್ದೆ. ಹಕ್ಕು ಇಲ್ಲದವರು ದುಃಖದ ಹೊತ್ತಿನಲ್ಲೂ ಎಷ್ಟು ನೆದರಿಟ್ಟು ದಾರಿ ಹುಡುಕಿದ್ದಾರೆ!

1823ರಲ್ಲಿ ಡಬ್ಲಿನ್‌ನ ಸೇಂಟ್ ಕೆವಿನ್ಸ್ ಚರ್ಚಿನ ಬಯಲಿನಲ್ಲಿ ಒಬ್ಬ ಕ್ಯಾಥೊಲಿಕ್ ಪಾದ್ರಿ ಸಮಾಧಿಯ ಮುಂದೆ ಪ್ರಾರ್ಥನೆ ಶುರುಮಾಡಿದ. ಅಲ್ಲಿನ ಕೆಲಸದವನು ಬಂದು ತಡೆದ. ಸುದ್ದಿ ದೇಶಕ್ಕೆಲ್ಲ ಹರಡಿತು. ಜನರ ಸಿಟ್ಟನ್ನು ಕೈಗೆತ್ತಿಕೊಂಡವನು ಡೇನಿಯಲ್ ಓ'ಕಾನೆಲ್, ಕ್ಯಾಥೊಲಿಕರ ಹಕ್ಕಿಗಾಗಿ ಹೋರಾಡಿದ ದೊಡ್ಡ ವಕೀಲ, ಇದೇ ಕೆರ್ರಿಯವನು. 1824ರಲ್ಲಿ ಒಂದು ಕಾನೂನು ಬಂತು. ಅದರಲ್ಲೂ ಪ್ರಾರ್ಥನೆಗೆ ಅನುಮತಿ ಕೇಳಲೇಬೇಕಿತ್ತು. ಓ'ಕಾನೆಲ್‌ಗೆ ಅದು ಸಾಲಲಿಲ್ಲ. ಯಾವ ಧರ್ಮದವರನ್ನಾದರೂ ಅವರವರ ವಿಧಿಯಂತೆ ಹೂಳಬಹುದಾದ ನೆಲ ಬೇಕು ಎಂದ. ಡಬ್ಲಿನ್‌ನಲ್ಲಿ 1829ರಲ್ಲಿ ಗೋಲ್ಡನ್‌ಬ್ರಿಜ್, 1832ರಲ್ಲಿ ಗ್ಲಾಸ್‌ನೆವಿನ್ ಎಂಬ ಸ್ಮಶಾನಗಳು ಶುರುವಾದವು. ಗ್ಲಾಸ್‌ನೆವಿನ್‌ನಲ್ಲಿ ಮೊದಲು ಮಲಗಿದ್ದು 11 ವರ್ಷದ ಒಬ್ಬ ಬಡ ಹುಡುಗ. ಈಗ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ.

ಊರು ಬೆಳೆದ ಕಡೆ ಹೊಸ ಸ್ಮಶಾನ ಬಂತು. ಕಿಲ್‌ಮಾಲ್ಕೆಡಾರ್‌ನಂಥ ಕಡೆ ಹಳೆಯದೇ ಮುಂದುವರಿಯಿತು. 1869ರಲ್ಲಿ ಐರಿಷ್ ಚರ್ಚ್ ಕಾಯ್ದೆ ಬಂದು ಚರ್ಚ್ ಆಫ್ ಐರ್ಲೆಂಡ್‌ಗಿದ್ದ ಸರ್ಕಾರಿ ಸ್ಥಾನ ಹೋಯಿತು. ಬಳಕೆ ತಪ್ಪಿದ ಹಳೆಯ ಸಮಾಧಿ ನೆಲಗಳು ಸ್ಥಳೀಯ ಆಡಳಿತದ ಕಡೆಗೆ ಬಂದವು. ಉಳಿಸಬೇಕಾದ ಹಳೆಯ ಕಟ್ಟಡಗಳು ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಹೋದವು. ಐರ್ಲೆಂಡಿನಲ್ಲಿ ಪುರಾತನ ಕಟ್ಟಡಗಳ ಸರ್ಕಾರಿ ರಕ್ಷಣೆ ಶುರುವಾಗಿದ್ದೇ ಈ ಕಾಯ್ದೆಯಿಂದ. ಕ್ಯಾಷೆಲ್ ಬಂಡೆ 1874ರಲ್ಲಿ ಹೀಗೆ ಸರ್ಕಾರದ ಕೈಗೆ ಬಂತು. ಕಿಲ್‌ಮಾಲ್ಕೆಡಾರ್ ಚರ್ಚೂ ಈಗ ರಾಷ್ಟ್ರೀಯ ಸ್ಮಾರಕ. ಕಾಗದದಲ್ಲಿ ಇಷ್ಟೆಲ್ಲ ಕೈ ಬದಲಾದರೂ ಗುಂಡಿ ತೋಡುವ ಮನೆತನಗಳು ಬದಲಾಗಲಿಲ್ಲ.

ಸಮಾಧಿಗಳ ನಡುವೆ ನಡೆಯುವಾಗ ಕಾಲಿನ ಕಡೆ ಗಮನ ಇರಬೇಕು. ಹುಲ್ಲಿನಲ್ಲಿ ಸಣ್ಣ ಸಣ್ಣ ಕಾಡುಗಲ್ಲುಗಳು ತಲೆ ಎತ್ತಿರುತ್ತವೆ. ಕೆತ್ತನೆ ಇಲ್ಲ, ಅಕ್ಷರ ಇಲ್ಲ. ಹೊಲದಿಂದ ತಂದು ನೆಟ್ಟ ಮಾಮೂಲಿ ಕಲ್ಲುಗಳು. ಅವೂ ಸಮಾಧಿಗಳೇ. ಹೆಸರು ಕೆತ್ತಿಸುವ ರೂಢಿ ಸಾಮಾನ್ಯ ಜನರಿಗೆ ಬಂದಿದ್ದು 18ನೆಯ ಶತಮಾನದಿಂದ ಈಚೆಗೆ. ಅದೂ ದುಡ್ಡಿದ್ದವರಿಗೆ. ಉಳಿದವರಿಗೆ ಈ ಕಲ್ಲು. ಯಾವುದು ಯಾರದ್ದು ಎಂದು ಮನೆಯವರಿಗೆ ಗೊತ್ತಿರುತ್ತಿತ್ತು. ಮನೆಯವರು ಅಮೆರಿಕಕ್ಕೆ ಹಡಗು ಹತ್ತಿದ ಮೇಲೆ ಯಾರಿಗೂ ಗೊತ್ತಿಲ್ಲ.

1845ರಲ್ಲಿ ಆಲೂಗಡ್ಡೆಗೆ ಕೊಳೆರೋಗ ಬಂದು ಶುರುವಾದ ಬರ 1852ರವರೆಗೂ ಕಾಡಿತು. ಹತ್ತು ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಸಾವು ಹೆಚ್ಚಾದ ಊರುಗಳಲ್ಲಿ ಪೆಟ್ಟಿಗೆಗೆ ಹಲಗೆ ಸಾಲಲಿಲ್ಲ. ತಳ ಬಿಚ್ಚಿಕೊಳ್ಳುವ ಪೆಟ್ಟಿಗೆ ಮಾಡಿ, ಹೆಣವನ್ನು ಗುಂಡಿಗೆ ಇಳಿಸಿ, ಅದೇ ಪೆಟ್ಟಿಗೆಯನ್ನು ಮುಂದಿನವರಿಗೆ ಒಯ್ಯುತ್ತಿದ್ದರು. ಡಿಂಗಲ್ ಪೇಟೆಯ ಮೇಲಿನ ಗುಡ್ಡದಲ್ಲಿ ಆ ಕಾಲದ ಒಂದು ಸಮಾಧಿ ನೆಲ ಇದೆ. ಅಲ್ಲಿ ಬರೀ ಹುಲ್ಲು. ಅದನ್ನು ನೋಡಿ ಬಂದ ಮೇಲೆ ಕಿಲ್‌ಮಾಲ್ಕೆಡಾರ್‌ನ ಕಾಡುಗಲ್ಲು ಕೂಡ ಒಂದು ಭಾಗ್ಯ ಅನ್ನಿಸುತ್ತದೆ.

ಇನ್ನೊಂದು ಸಂಗತಿ ಬರೆಯುವುದು ನನಗೆ ಕಷ್ಟ. ದೀಕ್ಷಾಸ್ನಾನ ಆಗುವ ಮೊದಲೇ ಸತ್ತ ಮಕ್ಕಳಿಗೆ ಈ ಪವಿತ್ರ ನೆಲದಲ್ಲಿ ಜಾಗ ಇರಲಿಲ್ಲ. ಅಂಥ ಮಗು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ, ಲಿಂಬೊ ಎಂಬ ಕಡೆ ಇರುತ್ತದೆ ಎಂಬ ಬೋಧನೆ ಇತ್ತು. ಅದಕ್ಕೆ ಆ ಮಕ್ಕಳನ್ನು ಬೇರೆ ಕಡೆ ಹೂಳುತ್ತಿದ್ದರು. ಹಳೆಯ ಮಣ್ಣಿನ ಕೋಟೆಯ ಒಳಗೆ, ಹೊಲದ ಗಡಿಯಲ್ಲಿ, ಬಳಕೆ ತಪ್ಪಿದ ಮಠದಲ್ಲಿ. ಹೆಚ್ಚಾಗಿ ಕತ್ತಲಾದ ಮೇಲೆ ಅಪ್ಪನೋ, ನೆಂಟನೋ ಒಬ್ಬನೇ ಹೋಗಿ ಹೂಳಿ ಬರುತ್ತಿದ್ದ. ಕೆರ್ರಿಯಲ್ಲಿ ಅಂಥ ಜಾಗವನ್ನು ಕ್ಯಲೂನಖ್ ಎನ್ನುತ್ತಾರೆ. ಇಲ್ಲಿಂದ ಸ್ವಲ್ಪ ದೂರದ ರೀಸ್ಕ್‌ನಲ್ಲಿ ಅಂಥದ್ದೊಂದಿದೆ. 1972ರಿಂದ 1975ರವರೆಗೆ ಪುರಾತತ್ವಜ್ಞ ಟಾಮ್ ಫ್ಯಾನಿಂಗ್ ಅಲ್ಲಿ ಉತ್ಖನನ ನಡೆಸಿದರು. ಹಳೆಯ ಮಠದ ಗೋಡೆಗಳ ನಡುವೆಯೇ ಪುಟ್ಟ ಮಕ್ಕಳ ಸಮಾಧಿಗಳಿದ್ದವು. ದೇಶದ ಕೆಲವು ಕಡೆ ಈ ರೂಢಿ 20ನೆಯ ಶತಮಾನದ ನಡುವಿನವರೆಗೂ ಇತ್ತು. 2007ರಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರ ಆಯೋಗ, ಆ ಮಕ್ಕಳಿಗೂ ಮುಕ್ತಿ ಸಿಗುತ್ತದೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದಿತು. ಆ ತಾಯಂದಿರಲ್ಲಿ ಎಷ್ಟೋ ಜನ ಅಷ್ಟರಲ್ಲಿ ತಾವೇ ಮಣ್ಣು ಸೇರಿದ್ದರು. ಈಗ ಕೆಲವು ಊರಿನವರು ಅಂಥ ಜಾಗಗಳನ್ನು ಹುಡುಕಿ, ಪೊದೆ ಕಡಿದು, ಒಂದು ಕಲ್ಲು ನಿಲ್ಲಿಸುತ್ತಿದ್ದಾರೆ. ನೆಲ ಬಿಡಲಿಲ್ಲ ಎಂದು ಇಷ್ಟು ಹೊತ್ತು ಹೊಗಳಿದೆನಲ್ಲ, ಆ ನೆಲ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು.

ಇಲ್ಲಿ ಈಗ ಒಂದು ಸಾವಾದರೆ ಏನಾಗುತ್ತದೆ? ಬೆಳಿಗ್ಗೆ ರೇಡಿಯೊ ಕೆರ್ರಿಯಲ್ಲಿ ತೀರಿಕೊಂಡವರ ಹೆಸರು ಓದುತ್ತಾರೆ. ಎಲ್ಲಿ ನೋಡಬಹುದು, ಎಷ್ಟು ಹೊತ್ತಿಗೆ ಪೂಜೆ, ಯಾವ ನೆಲದಲ್ಲಿ ಹೂಳುವುದು, ಎಲ್ಲ ಹೇಳುತ್ತಾರೆ. ಅಡುಗೆಮನೆಗಳಲ್ಲಿ ಎಲ್ಲರೂ ಸುಮ್ನೆ ಕೇಳುತ್ತಾರೆ. ಹಳ್ಳಿಗಳಲ್ಲಿ ಇನ್ನೂ ಅಕ್ಕಪಕ್ಕದ ಮನೆಯವರೇ ಗುದ್ದಲಿ ಹಿಡಿದು ಗುಂಡಿ ತೋಡುವ ರೂಢಿ ಇದೆ. ಸೋಮವಾರ ಹೊಸದಾಗಿ ಗುಂಡಿ ತೆಗೆಯಬಾರದು ಎಂಬ ನಂಬಿಕೆಯೂ ಇದೆ. ಸೋಮವಾರವೇ ಹೂಳಬೇಕಾಗಿ ಬಂದರೆ ಹಿಂದಿನ ದಿನವೇ ಹೋಗಿ ಒಂದು ಹೆಂಟೆ ಮಣ್ಣು ಎತ್ತಿಟ್ಟು ಬರುತ್ತಾರೆ. ಆಗ ಕೆಲಸ ಭಾನುವಾರವೇ ಶುರುವಾದ ಹಾಗೆ.

ಒಮ್ಮೆ ಈ ಸೀಮೆಯಲ್ಲೇ ಅಂಥದ್ದೊಂದು ಹಳೆಯ ಬಯಲಿಗೆ ಹೋದಾಗ ನಾಲ್ಕು ಜನ ಗುಂಡಿ ತೋಡುತ್ತಿದ್ದರು. ನಾನು ದೂರ ನಿಂತೆ. ಅವರಲ್ಲಿ ವಯಸ್ಸಾದವರೊಬ್ಬರು ಬನ್ನಿ ಎಂದು ಕರೆದರು. ಯಾವ ಊರು ಎಂದು ಕೇಳಿದರು. ಹೇಳಿದೆ. ಇಲ್ಲಿ ಆಳಕ್ಕೆ ಹೋದ ಹಾಗೆ ಹಳೆಯ ಮೂಳೆ ಸಿಗುತ್ತದೆ, ಅದನ್ನು ಎತ್ತಿ ಪಕ್ಕಕ್ಕಿಟ್ಟು, ಹೊಸ ಪೆಟ್ಟಿಗೆ ಇಳಿಸುವಾಗ ಮತ್ತೆ ಅಲ್ಲೇ ಇಡುತ್ತೇವೆ ಎಂದರು. ಅವರ ದನಿಯಲ್ಲಿ ಹೆದರಿಕೆಯೂ ಇಲ್ಲ, ಅಸಹ್ಯವೂ ಇಲ್ಲ. ಮೂಳೆ ಸತ್ತವನ ಮುತ್ತಾತನದೇ. ಮುತ್ತಾತನನ್ನು ಸ್ವಲ್ಪ ಸರಿಸಿ ಮರಿಮಗನಿಗೆ ಜಾಗ ಮಾಡುವುದು. ನಾನು ಅಷ್ಟು ಪ್ರೀತಿಯಿಂದ ಮಣ್ಣು ಎತ್ತುವವರನ್ನು ಮೊದಲು ನೋಡಿರಲಿಲ್ಲ.

ನನಗೆ ಈ ನೆಲ ಇಷ್ಟು ತಾಕುವುದಕ್ಕೆ ನನ್ನದೇ ಒಂದು ಕಾರಣವೂ ಇದೆ. ನಮ್ಮದು ಧಾರವಾಡದ ಕಡೆಯ ಲಿಂಗಾಯತ ಮನೆತನ. ನಾವು ಸುಡುವುದಿಲ್ಲ, ಹೂಳುತ್ತೇವೆ. ಕೂತ ಭಂಗಿಯಲ್ಲಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ. ನನ್ನ ಅಜ್ಜನನ್ನು ನಮ್ಮ ಹೊಲದ ಬದುವಿನಲ್ಲಿ ಹೂಳಿದ್ದರು. ಆಮೇಲೆ ಹೊಲ ಪಾಲಾಯಿತು, ಮಾರಾಟವಾಯಿತು, ಲೇಔಟ್ ಆಯಿತು. ಈಗ ಅಲ್ಲಿ ಟಾರು ರಸ್ತೆ. ಕಾನೂನಿನಲ್ಲಿ ತಪ್ಪೇನೂ ಇಲ್ಲ, ಕಾಗದ ಎಲ್ಲ ಸರಿಯಾಗಿದೆ. ಆದರೆ ನನ್ನ ಅವ್ವ ಹಬ್ಬದ ದಿನ ಎಡೆ ಹಿಡಿದು ಎಲ್ಲಿಗೆ ಹೋಗಬೇಕು? ಅವ್ವ ಆ ರಸ್ತೆಯ ಅಂಚಿನಲ್ಲೇ ಇಟ್ಟು ಕೈ ಮುಗಿದು ಬರುತ್ತಾಳೆ. ಕಾನೂನು ಕಸಿದುಕೊಂಡ ನೆಲವನ್ನು ಮುನ್ನೂರು ವರ್ಷ ಬಿಡದೆ ಹಿಡಿದ ಈ ಹಳ್ಳಿಯವರನ್ನು ನೋಡಿದಾಗ ನನಗೆ ಗೌರವ ಬರುವುದು ಅದಕ್ಕೇ.

ಐರ್ಲೆಂಡಿಗೆ ಬಂದು ನೆಲೆಸಿದ ನಮ್ಮಂಥವರ ಮುಂದೆಯೂ ಈ ಪ್ರಶ್ನೆ ಇದೆ. ಐರ್ಲೆಂಡ್ ಗಣರಾಜ್ಯದಲ್ಲಿ ಮೊದಲ ಶವದಹನ ಕೇಂದ್ರ ಶುರುವಾಗಿದ್ದು 1982ರಲ್ಲಿ, ಅದೇ ಗ್ಲಾಸ್‌ನೆವಿನ್‌ನಲ್ಲಿ. ಈಗ ಇನ್ನೂ ಕೆಲವಿವೆ. ಕನ್ನಡದ ಗೆಳೆಯರ ನಡುವೆ ಈ ಮಾತು ಬರುವುದು ಕಡಿಮೆ. ಬಂದರೂ ಯಾರಾದರೂ ಬೇಗ ಮಾತು ಬದಲಿಸುತ್ತಾರೆ. ನಮ್ಮ ಮಕ್ಕಳು ಇಲ್ಲೇ ಹುಟ್ಟಿದವರು, ಇಲ್ಲಿನ ಶಾಲೆಯಲ್ಲಿ ಐರಿಷ್ ಕಲಿಯುತ್ತಿದ್ದಾರೆ. ಹೂಳುವ ಪದ್ಧತಿಯ ಮನೆಯವರು ಈ ದೇಶದ ಯಾವ ನೆಲವನ್ನು ತಮ್ಮದು ಎನ್ನಬೇಕು ಎನ್ನುವುದನ್ನು ಈಗಲೇ ಕೂತು ಮಾತಾಡಿದರೆ ಒಳ್ಳೆಯದು ಎಂದು ನನ್ನ ಅನಿಸಿಕೆ.

ಹಳೆಯ ಕಲ್ಲುಗಳ ವಿಷಯದಲ್ಲಿ ಇಲ್ಲಿನವರ ಕಾಳಜಿ ಬೆಳೆಯುತ್ತಿದೆ. ಡಬ್ಲಿನ್ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್‌ಡ್ ಸ್ಟಡೀಸ್‌ನ ವಿದ್ವಾಂಸರು ಓಗಮ್ ಕಲ್ಲುಗಳನ್ನು ಲೇಸರ್‌ನಿಂದ ಅಳೆದು ಮೂರು ಆಯಾಮದ ಚಿತ್ರ ಮಾಡಿ ಎಲ್ಲರಿಗೂ ನೋಡಲು ಇಟ್ಟಿದ್ದಾರೆ. ಹಳ್ಳಿಗಳಲ್ಲಿ ಊರವರೇ ಸೇರಿ ಸಮಾಧಿ ಕಲ್ಲುಗಳ ಫೋಟೊ ತೆಗೆದು, ಹೆಸರು ಓದಿ, ನಕ್ಷೆಗೆ ಸೇರಿಸುತ್ತಿದ್ದಾರೆ. ಅಮೆರಿಕದಿಂದ, ಆಸ್ಟ್ರೇಲಿಯಾದಿಂದ ಬೇರು ಹುಡುಕಿಕೊಂಡು ಬರುವವರಿಗೆ ಇದರಿಂದ ತುಂಬ ಉಪಕಾರ. ಅಪಾಯ ಬರುವುದು ಒಳ್ಳೆಯ ಮನಸ್ಸಿನ ಕೈಗಳಿಂದಲೇ. ತಂತಿ ಬ್ರಷ್‌ನಿಂದ ಉಜ್ಜಿದರೆ ಹಾವಸೆಯ ಜೊತೆ ಅಕ್ಷರವೂ ಹೋಗುತ್ತದೆ. ಸೀಮೆಸುಣ್ಣ ತೀಡಿದರೆ ಕಲ್ಲಿನ ಮೈ ಸವೆಯುತ್ತದೆ. ಗೋಡೆಯ ಐವಿಯನ್ನು ಒಮ್ಮೆಲೇ ಕಿತ್ತರೆ ಬೇರು ಹಿಡಿದಿದ್ದ ಗಾರೆಯೂ ಕಿತ್ತು ಬರುತ್ತದೆ. ಸವೆದ ಅಕ್ಷರ ಓದಲು ಒಂದು ಟಾರ್ಚ್ ಸಾಕು. ಕಲ್ಲಿನ ಮಗ್ಗುಲಿಗೆ ಓರೆಯಾಗಿ ಬೆಳಕು ಬಿಟ್ಟರೆ ಗೀಟುಗಳ ನೆರಳು ಮೂಡುತ್ತದೆ.

ಡಿಂಗಲ್ ಕಡೆ ಬರುವ ಕನ್ನಡದವರಿಗೆ ನನ್ನದೊಂದು ಕೋರಿಕೆ. ಗ್ಯಾಲರಸ್ ನೋಡಿದ ಮೇಲೆ ಇಲ್ಲಿಗೂ ಬನ್ನಿ. ಚರ್ಚಿನ ಫೋಟೊ ಎಷ್ಟು ಬೇಕಾದರೂ ತೆಗೆಯಿರಿ, ಹೊಸ ಸಮಾಧಿಗಳ ಫೋಟೊ ಬೇಡ. ಯಾರದಾದರೂ ಶವಸಂಸ್ಕಾರ ನಡೆಯುತ್ತಿದ್ದರೆ ಕಾರು ದಾರಿಗೆ ಅಡ್ಡ ಬಿಡಬೇಡಿ, ಮುಗಿಯುವವರೆಗೆ ಹೊರಗೇ ಇರಿ. ನವೆಂಬರಿನಲ್ಲಿ ಬಂದರೆ ಇ‌ನ್ನೂ ಒಳ್ಳೆಯದು. ಕ್ಯಾಥೊಲಿಕರಿಗೆ ಅದು ಸತ್ತವರನ್ನು ನೆನೆಯುವ ತಿಂಗಳು, ಆಗ ಬಯಲಿನಲ್ಲಿ ಮನೆಯವರು ಇರುತ್ತಾರೆ, ಮಾತಾಡಿಸಿದರೆ ಖುಷಿಯಿಂದ ಮಾತಾಡುತ್ತಾರೆ. ಸೂರ್ಯನೂ ಇಡೀ ದಿನ ಕೆಳಗೇ ಇರುತ್ತಾನೆ, ಓಗಮ್ ಗೀಟುಗಳು ಟಾರ್ಚ್ ಇಲ್ಲದೆಯೇ ಕಾಣಬಹುದು. ಹೊರಡುವಾಗ ಗೇಟು ಸರಿಯಾಗಿ ಹಾಕಿ, ಪಕ್ಕದ ಹೊಲಗಳಲ್ಲಿ ಕುರಿಗಳಿವೆ.